ಜಗಲಿಗೆ ಕೈ ಮುಗಿಯದವರು ಧರ್ಮಗಳಿಂದ ಕಲಿಯುವುದು ಹೇಗೆ?

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆಲ್ಲ ಅವ್ವನ ಸ್ನಾನ ಮುಗಿದಿರುತ್ತದೆ. ಹಣೆಗೆ ವಿಭೂತಿ ಹಚ್ಚಿಕೊಂಡು ಜಗಲಿಯ, ಅಂದರೆ ದೇವರ ಕಟ್ಟೆಯ, ಮುಂದೆ ಕೂರುತ್ತಾಳೆ. ಕೊರಳಿನ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾಳೆ. ಅರ್ಧ ಗಂಟೆ. ಆ ಹೊತ್ತಿನಲ್ಲಿ ಫೋನ್ ಬಂದರೂ ಏಳುವುದಿಲ್ಲ, ಹಾಲಿನವನು ಕೂಗಿದರೂ ಏಳುವುದಿಲ್ಲ.

ನಾನು ದೇವರನ್ನು ನಂಬುವುದಿಲ್ಲ. ಕಾಲೇಜಿನ ದಿನಗಳಲ್ಲೇ ನಂಬಿಕೆ ಹೋಯಿತು, ಮತ್ತೆ ಬರಲಿಲ್ಲ. ಅವ್ವನಿಗೆ ಮೊದಮೊದಲು ಬಹಳ ಬೇಜಾರಾಗಿತ್ತು. ಒಂದು ದಿನ ತಾನೇ ಹೇಳಿದಳು: "ತಮ್ಮಾ, ದೇವ್ರನ್ನ ನಂಬಬ್ಯಾಡ ಬಿಡು. ಆದ್ರ ದಿನಾ ಹತ್ತ ನಿಮಿಷ ಸುಮ್ನ ಕೂಡೂದರ ಕಲಿ. ಅದಕ್ಕ ದೇವ್ರು ಬೇಕಂತೇನಿಲ್ಲ."

ಅವ್ವನ ಆ ಮಾತಿನಿಂದಲೇ ನನ್ನ ಕಲಿಕೆ ಶುರುವಾಯಿತು. ಬುದ್ಧ, ಮಹಾವೀರ, ಬಸವಣ್ಣ, ಚೀನಾದ ಲಾವೋತ್ಸು ಹೇಳಿದ್ದು ಓದಿದರೆ ಮನಸ್ಸಿಗೆ ನಾಟುತ್ತದೆ. ಆದರೆ ಪುನರ್ಜನ್ಮ, ಮೋಕ್ಷ, ದೇವರ ಕೃಪೆ ಎಂಬ ಮಾತು ಬಂದ ಕೂಡಲೇ ಮನಸ್ಸು ಹಿಂದೆ ಸರಿಯುತ್ತದೆ. ಹೀಗೆ ಆಗುವ ಓದುಗರು ಬಹಳ ಜನ ಇದ್ದಾರೆ ಅಂತ ನನಗೆ ಗೊತ್ತು. ಅವರಿಗಾಗಿ, ನಾನು ಮಾಡಿ ನೋಡಿದ್ದನ್ನು ಒಂದೊಂದಾಗಿ ಬರೆಯುತ್ತೇನೆ.

ಒಂದು ಅಳುಕನ್ನು ಮೊದಲೇ ತೆಗೆದುಬಿಡೋಣ. ನಂಬದೆ ಇರುವುದು ಈ ನೆಲಕ್ಕೆ ಹೊಸದಲ್ಲ. ಚಾರ್ವಾಕರು ಎಂದೂ ಕರೆಯುವ ಹಳೇ ಕಾಲದ ಲೋಕಾಯತರು ಪರಲೋಕವನ್ನೇ ಒಪ್ಪಲಿಲ್ಲ. ಬುದ್ಧನಾಗಲಿ ಮಹಾವೀರನಾಗಲಿ ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂದು ಕಲಿಸಲಿಲ್ಲ. ಋಗ್ವೇದದ 10ನೇ ಮಂಡಲದ ನಾಸದೀಯ ಸೂಕ್ತವಂತೂ ಪ್ರಶ್ನೆಯಲ್ಲೇ ನಿಲ್ಲುತ್ತದೆ: ಈ ಸೃಷ್ಟಿ ಎಲ್ಲಿಂದ ಬಂತು ಎಂಬುದು ಮೇಲಿರುವವನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದೆ ಇರಬಹುದು. ಸಂಶಯಕ್ಕೆ ನಮ್ಮ ಹಿರಿಯರೇ ಜಾಗ ಮಾಡಿಕೊಟ್ಟಿದ್ದಾರೆ.

1. ಮೊದಲು ಹಸನು ಮಾಡಿಕೊಳ್ಳಿ

ಜೋಳ ಬೀಸಲು ಕೊಡುವ ಮುಂಚೆ ಮೊರದಲ್ಲಿ ಹಾಕಿ ಹಸನು ಮಾಡುತ್ತೇವಲ್ಲ, ಓದುವಾಗಲೂ ಹಾಗೇ ಮಾಡಿ. ಯಾವ ಧರ್ಮದ ಮಾತೇ ಇರಲಿ, ಮೂರು ಪಾಲು ಮಾಡಿಕೊಳ್ಳಿ. ಜಗತ್ತು ಹೀಗಿದೆ ಎಂದು ಹೇಳುವ ಮಾತುಗಳು ಒಂದು ಪಾಲು: ಜನ್ಮಾಂತರ, ಸ್ವರ್ಗ, ನರಕ. ಈ ಸಮುದಾಯಕ್ಕೆ ಸೇರಿದವರು ಹೀಗೆ ಇರಬೇಕು ಎನ್ನುವುದು ಇನ್ನೊಂದು: ದೀಕ್ಷೆ, ಪೂಜೆ, ಉಡುಪು. ಮೂರನೆಯದು, ಬದುಕುವ ರೀತಿಯ ಬಗ್ಗೆ ಹೇಳಿದ್ದು. ನಮಗೆ ಬೇಕಾದದ್ದು ಈ ಮೂರನೇ ಪಾಲು.

ಒಂದು ಉದಾಹರಣೆ ನೋಡೋಣ. 'ಕಳಬೇಡ, ಕೊಲಬೇಡ' ವಚನ ನಮಗೆಲ್ಲ ಶಾಲೆಯಿಂದಲೇ ಬಾಯಿಪಾಠ. ಅದರಲ್ಲಿ ಏಳು ಬೇಡಗಳಿವೆ. ಕದಿಯಬೇಡ, ಕೊಲ್ಲಬೇಡ, ಸುಳ್ಳು ಹೇಳಬೇಡ, ಸಿಟ್ಟಾಗಬೇಡ, ಬೇರೆಯವರ ಬಗ್ಗೆ ಅಸಹ್ಯ ಪಡಬೇಡ, ನಿನ್ನನ್ನು ನೀನೇ ಹೊಗಳಿಕೊಳ್ಳಬೇಡ, ಎದುರಿನವರನ್ನು ಹಳಿಯಬೇಡ. ಈ ಏಳನ್ನೂ ಯಾವ ನಂಬಿಕೆಯೂ ಇಲ್ಲದೆ ಇವತ್ತೇ ಶುರು ಮಾಡಬಹುದು.

ಆದರೆ ವಚನ ಅಲ್ಲಿಗೆ ಮುಗಿಯುವುದಿಲ್ಲ. ಕೂಡಲಸಂಗಮದೇವರನ್ನು ಒಲಿಸುವ ಪರಿ ಇದೇ ಎಂದು ಕೊನೆಯಾಗುತ್ತದೆ. ಈ ಕೊನೆಯ ಸಾಲನ್ನು ಏನು ಮಾಡಬೇಕು? ಕತ್ತರಿಸಬೇಡಿ ಅನ್ನುತ್ತೇನೆ ನಾನು. ಬಸವಣ್ಣ ನಮ್ಮ ಹಾಗೆ ನಾಸ್ತಿಕ ಆಗಿದ್ದ ಎಂದು ಕೆಲವರು ಎಳೆದಾಡುತ್ತಾರೆ. ಅದು ಸುಳ್ಳು. ಅವರು ಭಕ್ತರು, ಇಡೀ ಬದುಕನ್ನು ಆ ಭಕ್ತಿಗೆ ಕೊಟ್ಟವರು. ನನಗೆ ಆ ಸಾಲು ದಕ್ಕಲಿಲ್ಲ, ಅದಕ್ಕಿಂತ ಹೆಚ್ಚಿಗೆ ಹೇಳುವ ಹಕ್ಕು ನನಗಿಲ್ಲ. ಹಸನು ಮಾಡುವುದು ನಮ್ಮ ಮೊರದಲ್ಲಿ ಇರಲಿ. ಅವರ ಹೊಲಕ್ಕೆ ಹೋಗಿ ಬೆಳೆ ಬದಲಾಯಿಸುವುದು ಬೇಡ.

ಮೂಲವನ್ನೇ ಓದಿ. ಮೊಬೈಲಿನಲ್ಲಿ ಬುದ್ಧನ ಹೆಸರಿನಲ್ಲಿ ಓಡಾಡುವ ಸುಭಾಷಿತಗಳಲ್ಲಿ ಎಷ್ಟೋ ಬುದ್ಧ ಹೇಳಿದ್ದೇ ಅಲ್ಲ. ಈ ವಿಷಯದಲ್ಲಿ ನಮ್ಮ ಕಡೆಯವರು ನಿಜಕ್ಕೂ ಅದೃಷ್ಟವಂತರು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ತಾಡೋಲೆ ಕೂಡಿಸಿದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಹೂ ಏರಿಸುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಹಳಕಟ್ಟಿಯವರು ಬಿಚ್ಚಿ ಓದಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬಂತು. ಇವತ್ತು ನಾವು ಅಗ್ಗದ ಪುಸ್ತಕದಲ್ಲಿ ಓದುವ ವಚನದ ಹಿಂದೆ ಆ ತಿರುಗಾಟ ಇದೆ. ನೆನೆಸಿಕೊಂಡರೆ ಈಗಲೂ ನನಗೆ ಗಂಟಲು ತುಂಬಿ ಬರುತ್ತದೆ.

2. ಚುಚ್ಚುವ ಒಂದನ್ನೇ ಹಿಡಿಯಿರಿ

ಗೋಳಗುಮ್ಮಟದ ಮೇಲಿನ ಸುತ್ತಿನಲ್ಲಿ ನಿಂತು ಕೂಗಿದ್ದೀರಾ? ನಿಮ್ಮದೇ ದನಿ ಏಳು ಸಲ ತಿರುಗಿ ಬರುತ್ತದೆ. ಕೇಳಲು ಹಿತ. ಬೇಕಾದದ್ದನ್ನು ಮಾತ್ರ ಆರಿಸಿಕೊಂಡು ಓದುವವರಿಗೆ ಧರ್ಮಗ್ರಂಥಗಳಲ್ಲೂ ಹಾಗೇ ಆಗುತ್ತದೆ. ನಾವು ಮೊದಲೇ ಒಪ್ಪಿಕೊಂಡ ಮಾತೇ ಬುದ್ಧನ ಬಾಯಿಂದ, ಬಸವಣ್ಣನ ಬಾಯಿಂದ ವಾಪಸ್ ಕೇಳಿಸುತ್ತದೆ. ನಂಬುವವರಿಗೆ ಈ ಅಪಾಯ ಕಡಿಮೆ, ಯಾಕಂದರೆ ಇಷ್ಟವಿಲ್ಲದ ವ್ರತವನ್ನೂ ಅವರು ಹಿಡಿಯಲೇಬೇಕು. ನಮ್ಮನ್ನು ಒತ್ತಾಯ ಮಾಡುವವರು ಯಾರೂ ಇಲ್ಲ. ಹಾಗಾಗಿ ನಮ್ಮ ನಿಯಮ ಬಿಗಿಯಾಗಿರಬೇಕು: ಓದುವಾಗ ಯಾವ ಮಾತು ಚುಚ್ಚುತ್ತದೋ, ಯಾವುದನ್ನು ಬೇಗ ದಾಟಿಹೋಗಬೇಕು ಅನ್ನಿಸುತ್ತದೋ, ಅದನ್ನೇ ಆರಿಸಿಕೊಳ್ಳಿ. ಒಂದನ್ನೇ.

ಕದಿಯಬೇಡ ಅನ್ನುವುದು ನನಗೆ ಚುಚ್ಚಲಿಲ್ಲ. 'ಇದಿರ ಹಳಿಯಲು ಬೇಡ' ಚುಚ್ಚಿತು. ಸಂಜೆ ಚಹಾದಂಗಡಿಯಲ್ಲಿ ನಾಲ್ಕು ಜನ ಕೂಡಿದರೆ ಅಲ್ಲಿ ಇಲ್ಲದ ಐದನೆಯವನ ಸುದ್ದಿಯೇ ನಮ್ಮ ಮಾತು. ಮೊದಲ ವಾರ ನನಗೆ ಮಾತೇ ಇರಲಿಲ್ಲ. ಗೆಳೆಯರು ಮೈಯಲ್ಲಿ ಆರಾಮ ಇಲ್ಲೇನು ಅಂತ ಕೇಳಿದರು.

ಮಾಡುವ ಕ್ರಮ ಹೀಗಿದೆ. ಬೆಳಿಗ್ಗೆ ಅಂಗಿಯ ಒಂದು ಕಿಸೆಗೆ ಹತ್ತು ಹುಣಸೆ ಬೀಜ ಹಾಕಿಕೊಳ್ಳಿ. ತಪ್ಪಿದಾಗಲೆಲ್ಲ ಒಂದು ಬೀಜ ಇನ್ನೊಂದು ಕಿಸೆಗೆ ಹೋಗಲಿ. ರಾತ್ರಿ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ ಸಂಖ್ಯೆ ಬರೆಯಿರಿ. ಬಯ್ದುಕೊಳ್ಳುವುದು ಬೇಡ, ಬರೆದರೆ ಸಾಕು. ಎಣಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇವು ಚೀನಾದ ಗುರು ಕನ್‌ಫ್ಯೂಷಿಯಸ್‌ನ ಶಿಷ್ಯ ತ್ಸೆಂಗ್‌ತ್ಸು ದಿನಾ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗಳು: ಬೇರೆಯವರ ಕೆಲಸವನ್ನು ಮನಸ್ಸಿಟ್ಟು ಮಾಡಿದೆನೇ? ಗೆಳೆಯರಿಗೆ ಕೊಟ್ಟ ಮಾತು ಉಳಿಸಿಕೊಂಡೆನೇ? ಕಲಿತದ್ದನ್ನು ರೂಢಿಗೆ ತಂದೆನೇ? ಎರಡು ನಿಮಿಷ ಹಿಡಿಯುತ್ತದೆ.

3. ಮೂರು ತಿಂಗಳು ನಡೆಸಿ ನೋಡಿ

ಕೇಸಪುತ್ತ ಎಂಬ ಊರಿನ ಕಾಲಾಮರು ಬುದ್ಧನ ಹತ್ತಿರ ಬಂದು ಕೇಳುತ್ತಾರೆ: ನಮ್ಮೂರಿಗೆ ಬರುವ ಒಬ್ಬೊಬ್ಬ ಗುರುವೂ ತನ್ನದೇ ಸರಿ, ಉಳಿದವರದು ತಪ್ಪು ಅನ್ನುತ್ತಾನೆ. ಯಾರನ್ನು ನಂಬೋಣ? ಬುದ್ಧನ ಉತ್ತರ ಈಗಲೂ ಹೊಸದಾಗಿ ಕೇಳಿಸುತ್ತದೆ. ಯಾರೋ ಹೇಳಿದರು ಎಂದು ಒಪ್ಪಬೇಡಿ, ಪರಂಪರೆ ಎಂದು ಒಪ್ಪಬೇಡಿ, ಗ್ರಂಥದಲ್ಲಿದೆ ಎಂದು ಒಪ್ಪಬೇಡಿ, ಇವರು ನಮ್ಮ ಗುರು ಎಂದೂ ಒಪ್ಪಬೇಡಿ. ಇದರಿಂದ ಕೇಡಾಗುತ್ತದೆ ಎಂದು ನಿಮಗೇ ಗೊತ್ತಾದರೆ ಬಿಡಿ, ಒಳಿತಾಗುತ್ತದೆ ಎಂದು ಗೊತ್ತಾದರೆ ಹಿಡಿಯಿರಿ.

ಇದನ್ನು ಓದಿ ಬಹಳ ಜನ, ನಮಗೆ ತೋಚಿದ್ದೇ ಸರಿ ಅಂತ ಬುದ್ಧ ಹೇಳಿದ ಎಂದು ತಿಳಿಯುತ್ತಾರೆ. ಹಾಗಿಲ್ಲ. ತಿಳಿದವರು ಯಾವುದನ್ನು ಮೆಚ್ಚುತ್ತಾರೆ, ಯಾವುದನ್ನು ಬೇಡ ಅನ್ನುತ್ತಾರೆ ಎಂಬುದನ್ನೂ ನೋಡಿ ಎಂದು ಅದೇ ಉತ್ತರದಲ್ಲಿ ಇದೆ. ಹಾಗಾಗಿ ಪರೀಕ್ಷೆಗೆ ಎರಡು ಭಾಗ ಇರಲಿ. ಒಂದು, ಹಿಡಿದದ್ದನ್ನು ಕನಿಷ್ಠ ಮೂರು ತಿಂಗಳು ನಡೆಸಿ. ಒಂದು ವಾರದಲ್ಲಿ ಯಾವ ರೂಢಿಯ ಗುಣವೂ ಗೊತ್ತಾಗುವುದಿಲ್ಲ. ಎರಡು, ಮೂರು ತಿಂಗಳಾದ ಮೇಲೆ ನಿಮ್ಮ ಜೊತೆ ಒಂದೇ ಮನೆಯಲ್ಲಿ ಇರುವವರನ್ನು ಕೇಳಿ. "ನನ್ನಾಗ ಏನರ ಬದಲಾಗೇತೇನು?" ಅಂತ ನೇರವಾಗಿ ಕೇಳಿ. ನಾವು ಶಾಂತ ಆಗಿದ್ದೇವೆ ಅಂತ ನಮಗೆ ಅನ್ನಿಸುವುದು ಸುಲಭ. ಹೆಂಡತಿ ಮಕ್ಕಳಿಗೂ ಹಾಗೇ ಅನ್ನಿಸಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ಅಲ್ವಾ?

4. ದಿನಕ್ಕೆ ಹತ್ತು ನಿಮಿಷ ಕೂರಿ

ಅವ್ವ ಹೇಳಿದ್ದು ಇದನ್ನೇ. ಅವ್ವನ ಹಾಗೆ ಲಿಂಗ ಹಿಡಿದು ಕೂರಲು ನಾನು ಹೋಗಲಿಲ್ಲ. ಅದು ದೀಕ್ಷೆಯಲ್ಲಿ ಕೊಟ್ಟದ್ದು, ಅವಳ ಪ್ರಾಣ. ಏಕಾಗ್ರತೆ ಜಾಸ್ತಿಯಾಗುತ್ತದೆ ಅಂತ ನಾನು ಅದನ್ನು ಬಳಸುವುದು ಸರಿಯಲ್ಲ. ಹೊತ್ತನ್ನು ಮತ್ತು ಕೂರುವುದನ್ನು ಅವಳಿಂದ ಕಲಿತೆ. ಗಮನ ಎಲ್ಲಿಡಬೇಕು ಎಂಬುದನ್ನು ಬೌದ್ಧರ ಆನಾಪಾನ ಕ್ರಮದಿಂದ ತೆಗೆದುಕೊಂಡೆ, ಅಂದರೆ ಉಸಿರನ್ನು ಗಮನಿಸುವುದು.

ಚಾಪೆ ಹಾಸಿ ಕೂರಿ. ಮೊಣಕಾಲು ನೋವಿದ್ದರೆ ಕುರ್ಚಿ ಆಗುತ್ತದೆ. ಬೆನ್ನು ನೇರ ಇರಲಿ, ಬಿಗಿ ಬೇಡ. ಕಣ್ಣು ಮುಚ್ಚಿ. ಮೂಗಿನ ಹೊಳ್ಳೆಗಳ ಹತ್ತಿರ ಗಾಳಿ ಒಳಗೆ ಹೋಗುವುದು, ಹೊರಗೆ ಬರುವುದು ಗೊತ್ತಾಗುತ್ತದೆ. ಅಲ್ಲೇ ಗಮನ ಇಡಿ. ಉಸಿರನ್ನು ಉದ್ದ ಮಾಡಬೇಡಿ, ಹಿಡಿಯಬೇಡಿ, ಅದು ಹೇಗೆ ಬರುತ್ತದೋ ಹಾಗೆ ಬರಲಿ. ಅರ್ಧ ನಿಮಿಷದಲ್ಲಿ ಮನಸ್ಸು ಗ್ಯಾಸ್ ಸಿಲಿಂಡರ್, ಮಗಳ ಫೀ, ನಿನ್ನೆಯ ಜಗಳದ ಕಡೆ ಓಡಿರುತ್ತದೆ. ಓಡಿದ್ದು ಗೊತ್ತಾದ ಕೂಡಲೇ ತಿರುಗಿ ಮೂಗಿನ ಹತ್ತಿರ ಕರೆದುಕೊಂಡು ಬನ್ನಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಓಡಿದರೆ ಐವತ್ತು ಸಲ ಕರೆತರುವುದೇ ಕೆಲಸ. ನನಗೆ ಧ್ಯಾನ ಹತ್ತುವುದಿಲ್ಲ ಅಂತ ಹೇಳುವವರು ಈ ಓಟವನ್ನು ಸೋಲು ಅಂದುಕೊಂಡಿರುತ್ತಾರೆ.

ಕೂರಲು ಆಗದವರಿಗೂ ದಾರಿ ಇದೆ. ಆದಿಲ್‌ಶಾಹಿ ಕಾಲದ ವಿಜಯಪುರದಲ್ಲಿ ಸೂಫಿಗಳು ದಖನಿ ಭಾಷೆಯಲ್ಲಿ ಚಕ್ಕಿನಾಮಾ, ಚರಖಾನಾಮಾ ಎಂಬ ಹಾಡು ಕಟ್ಟಿದರು. ಹೆಣ್ಣುಮಕ್ಕಳು ಬೀಸುವಾಗ, ನೂಲುವಾಗ ಹಾಡುವ ಹಾಡುಗಳು ಅವು. ಕೈ ಕೆಲಸದ ಲಯಕ್ಕೆ ಮನಸ್ಸನ್ನು ಕಟ್ಟಿಹಾಕುವುದು ಅವರಿಗೆ ಗೊತ್ತಿತ್ತು. ನನ್ನ ಹೆಂಡತಿ ಚಾಪೆಯ ಮೇಲೆ ಕೂರುವುದಿಲ್ಲ. ರೊಟ್ಟಿ ಬಡಿಯುವಾಗ ಟಿವಿ, ಫೋನ್ ಬಂದ್ ಮಾಡಿ ಬರೀ ಕೈ ಮತ್ತು ಹಿಟ್ಟಿನ ಮೇಲೆ ಗಮನ ಇಡುತ್ತಾಳೆ. ಹನ್ನೆರಡು ರೊಟ್ಟಿ ಆಗುವಷ್ಟು ಹೊತ್ತು. ಅವಳ ಗಮನ ನನ್ನದಕ್ಕಿಂತ ಗಟ್ಟಿಯಾಗಿದೆ ಅಂತ ನನಗೆ ಅನ್ನಿಸಿದೆ.

ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಲೋ ಅಂತ ಕೆಲವರು ಕೇಳುತ್ತಾರೆ. ಧ್ಯಾನಗುರು ಎಸ್.ಎನ್. ಗೋಯೆಂಕಾ ಅವರ ಪರಂಪರೆಯ ಆ ಶಿಬಿರಗಳಿಗೆ ಫೀ ಇಲ್ಲ, ಮುಗಿಸಿದವರು ಇಷ್ಟ ಬಂದರೆ ದಾನ ಕೊಡಬಹುದು. ಯಾವ ಧರ್ಮದವರಾದರೂ ಹೋಗಬಹುದು. ಆದರೆ ಮಾತಿಲ್ಲ, ಫೋನಿಲ್ಲ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ಮನೆಯಲ್ಲಿ ಮೂರು ತಿಂಗಳು ಹತ್ತು ನಿಮಿಷ ಕೂತವರಿಗೆ ಅದು ಮುಂದಿನ ಮೆಟ್ಟಿಲು, ಮೊದಲಿನದಲ್ಲ. ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಹೋಗಲೇಬೇಡಿ. ಧ್ಯಾನ ಮಾಡುತ್ತೇನೆ ಅಂತ ಗುಳಿಗೆ ನಿಲ್ಲಿಸುವುದಂತೂ ಬೇಡವೇ ಬೇಡ.

5. ಎರಡನೇ ಬಾಣವನ್ನು ಗುರುತಿಸಿ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಈ ಕಲಿಕೆಯಿಂದ ನನ್ನ ಬದುಕಿನಲ್ಲಿ ಏನಾದರೂ ಬದಲಾಗಿದ್ದರೆ ಅದು ಇಲ್ಲಿಯೇ.

ಬುದ್ಧನ ಒಂದು ಹೋಲಿಕೆ ಇದೆ. ಒಬ್ಬನಿಗೆ ಬಾಣ ತಾಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಬಾಣವೂ ತಾಗುತ್ತದೆ. ಮೊದಲನೆಯದು ನೋವು, ಅದು ಎಲ್ಲರಿಗೂ ಬರುವುದೇ. ಎರಡನೆಯದು ಆ ನೋವಿನ ಮೇಲೆ ನಾವು ಹೂಡುವ ಗೋಳಾಟ, ಸಿಟ್ಟು. ಕಲಿತವನಿಗೆ ಮೊದಲ ಬಾಣ ಮಾತ್ರ ತಾಗುತ್ತದೆ.

ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಊರೇ ನವನಗರಕ್ಕೆ ಎದ್ದುಬಂದ ಕಾಲ ಅದು. ಪರಿಹಾರದ ದುಡ್ಡು ಬಂತು. ಅಪ್ಪ ತೀರಿಹೋದ ಮೇಲೆ ಪಾಲಾಯಿತು. ಅಣ್ಣನ ಕಡೆ ಹೆಚ್ಚು ಹೋಯಿತು ಅಂತ ನನಗೆ ಅನ್ನಿಸಿತು. ಆಮೇಲೆ ಏಳು ವರ್ಷ ನಾವು ಮದುವೆಯಲ್ಲಿ, ಮಣ್ಣಿನಲ್ಲಿ ಮಾತ್ರ ಭೇಟಿಯಾದೆವು. ಅಣ್ಣ ವಿಜಯಪುರದಲ್ಲಿದ್ದಾನೆ, ದೂರವೇನೂ ಅಲ್ಲ.

ಒಂದು ದಿನ ಹಾಳೆಯ ಮೇಲೆ ಎರಡು ಬಾಣಗಳನ್ನು ಬೇರೆ ಬೇರೆ ಬರೆದೆ. ಮೊದಲ ಬಾಣ: ನನಗೆ ಇಷ್ಟು ದುಡ್ಡು ಕಡಿಮೆ ಬಂತು. ಒಂದೇ ಸಾಲು. ಎರಡನೇ ಬಾಣ: ಅವನಿಗೆ ನಾನಂದರೆ ಲೆಕ್ಕವಿಲ್ಲ, ಚಿಕ್ಕವನಿದ್ದಾಗಿನಿಂದ ಹೀಗೇ, ವೈನಿಯೇ ಹೇಳಿಕೊಟ್ಟಿರಬೇಕು, ಅಪ್ಪ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ... ಎರಡು ಪುಟ ತುಂಬಿತು. ಆ ಎರಡು ಪುಟದ ನೋವನ್ನು ಅಣ್ಣ ಕೊಟ್ಟಿರಲಿಲ್ಲ. ಏಳು ವರ್ಷ ನಾನೇ ದಿನಾ ಚುಚ್ಚಿಕೊಂಡಿದ್ದೆ. ನಿಮ್ಮ ಮನಸ್ಸಿನಲ್ಲೂ ಇಂಥ ಒಂದು ಗಾಯ ಇದ್ದರೆ, ಹೀಗೇ ಎರಡು ಭಾಗ ಮಾಡಿ ಬರೆದು ನೋಡಿ. ಮೊದಲ ಬಾಣವನ್ನು ಇಲ್ಲ ಅನ್ನಬೇಡಿ. ಆದ ಅನ್ಯಾಯ ಅನ್ಯಾಯವೇ. ಕೇಳಬೇಕಾದದ್ದನ್ನು ಕೇಳಿ, ಕೋರ್ಟಿಗೆ ಹೋಗಬೇಕಾದರೆ ಹೋಗಿ. ಎರಡನೆಯದನ್ನು ಮಾತ್ರ ಬೇರೆ ಮಾಡಿ.

ಆಮೇಲಿನ ಹೆಜ್ಜೆಯನ್ನು ಜೈನರಿಂದ ಕಲಿತೆ. ಅನೇಕಾಂತ ಎನ್ನುತ್ತಾರೆ. ಯಾವ ವಸ್ತುವಿಗೂ ಹಲವು ಮುಖಗಳಿವೆ, ನಾವು ನಿಂತ ಕಡೆಯಿಂದ ಕಾಣುವುದು ಒಂದೇ. ಅದಕ್ಕೇ ಅವರು ಹೇಳುವ ಮಾತಿನ ಮೊದಲಿಗೆ 'ಸ್ಯಾತ್' ಸೇರಿಸುತ್ತಾರೆ, ಅಂದರೆ 'ಒಂದು ದೃಷ್ಟಿಯಿಂದ'. ಇದನ್ನು ರೂಢಿಯಾಗಿ ಮಾಡುವುದು ಹೀಗೆ: ಜಗಳದ ಕತೆಯನ್ನು ಎದುರಿನವರ ಜಾಗದಲ್ಲಿ ಕೂತು, 'ನಾನು' ಅಂತಲೇ ಬರೆಯಿರಿ. ಅವರು ಓದಿದರೆ ಹೌದು ಅನ್ನಬೇಕು, ಹಾಗೆ ಬರೆಯಿರಿ. ನಾನು ಅಣ್ಣನಾಗಿ ಬರೆಯತೊಡಗಿದಾಗ ಮೂರನೇ ಸಾಲಿಗೇ ಕೈ ನಿಂತಿತು. ಮನೆ ಖಾಲಿ ಮಾಡುವಾಗ, ಕಾಗದಪತ್ರಕ್ಕೆ ಕಚೇರಿ ಅಲೆಯುವಾಗ, ಅಪ್ಪನ ಕಾಯಿಲೆಯಲ್ಲಿ, ಜೊತೆಗಿದ್ದವನು ಅವನು. ನಾನು ಆಗ ನೌಕರಿ ಅಂತ ಬೇರೆ ಊರಿನಲ್ಲಿದ್ದೆ. ಇದು ನನಗೆ ಗೊತ್ತೇ ಇತ್ತು. ಆದರೆ ನನ್ನ ಲೆಕ್ಕದ ಹಾಳೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಬೆಳಗಾವಿಯಲ್ಲಿ ನನಗೊಬ್ಬ ಜೈನ ಗೆಳೆಯ ಇದ್ದಾನೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಅವರಿಗೆ ಕ್ಷಮಾವಾಣಿ. ಆ ದಿನ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ನೋವು ಮಾಡಿದ್ದರೆ ಕ್ಷಮಿಸು ಎಂದು ಕೇಳುತ್ತಾನೆ. ಪ್ರತಿ ವರ್ಷ ನನಗೂ ಫೋನ್ ಬರುತ್ತಿತ್ತು, ಹಬ್ಬದ ಶುಭಾಶಯದ ಹಾಗೆ ಕೇಳಿಸಿಕೊಂಡು ಇಡುತ್ತಿದ್ದೆ. ಆ ವರ್ಷ ಅವನ ಫೋನ್ ಇಟ್ಟ ಮೇಲೆ ಅಣ್ಣನ ನಂಬರ್ ಒತ್ತಿದೆ.

"ಅಣ್ಣಾ, ಪಾಲಿನ ವಿಚಾರದಾಗ ನಾ ಬಾಳ ಸಿಟ್ಟ ಇಟ್ಕೊಂಡಿದ್ದೆ. ನಿಂದೂ ಕಷ್ಟ ಇತ್ತು. ತಪ್ಪಾತು."

ಆ ಕಡೆ ಬಹಳ ಹೊತ್ತು ಸುಮ್ಮನೆ. ಆಮೇಲೆ, "ಈಗ್ಯಾಕ ಅದು?" ಅಂದ. ಮತ್ತೆ ಸುಮ್ಮನೆ. "ಊಟ ಆತೇನು?"

ಅಷ್ಟೇ ಆದದ್ದು. ದುಡ್ಡಿನ ಮಾತು ಬರಲಿಲ್ಲ, ಲೆಕ್ಕ ಸರಿಹೋಗಲಿಲ್ಲ. ಈಗ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ. ಕ್ಷಮೆ ಕೇಳುವವರಿಗೆ ಒಂದೇ ಮಾತು: ಉತ್ತರ ಇಂಥದ್ದೇ ಬರಬೇಕು ಎಂದು ಕಾಯಬೇಡಿ. 'ಆದರೆ ನೀನೂ...' ಎಂದು ಸೇರಿಸಲೂ ಬೇಡಿ.

6. ಸಾಕು ಎನ್ನುವ ಗೆರೆ ಹಾಕಿಕೊಳ್ಳಿ

ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ದಾಸೋಹ. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ನೋಡಿದಳು. ಇದು ನಮಗೆ ಬೇಕಾದದ್ದಕ್ಕಿಂತ ಜಾಸ್ತಿ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳು. ಆಸೆ ಇರುವುದು ಅರಸರಿಗೆ, ಭಕ್ತರಿಗೆ ಅದು ಯಾಕೆ ಎಂದು ಅವಳ ವಚನ ಕೇಳುತ್ತದೆ. ಬಡತನದಲ್ಲಿದ್ದ ಹೆಣ್ಣುಮಗಳು ಇದನ್ನು ಹೇಳಿದ್ದು. ಅದಕ್ಕೇ ಅದಕ್ಕೆ ಅಷ್ಟು ತೂಕ.

ಜೈನ ಶ್ರಾವಕರಲ್ಲೂ, ಅಂದರೆ ಸಂಸಾರಸ್ಥ ಜೈನರಲ್ಲೂ, ಇಂಥದೇ ಒಂದು ವ್ರತ ಇದೆ, ಪರಿಗ್ರಹ ಪರಿಮಾಣ. ಹೊಲ, ಮನೆ, ಬಂಗಾರ, ಬಟ್ಟೆ ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂದು ಮೊದಲೇ ಮಿತಿ ಹಾಕಿಕೊಳ್ಳುವುದು. ನಮ್ಮ ಕಣ್ಣೆದುರೇ ಬದುಕಿ ತೋರಿಸಿದವರು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಕಿಸೆ ಇಲ್ಲದ ಅಂಗಿ ಹಾಕುತ್ತಿದ್ದರು. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡ ಅಂದರು. 2023ರ ಜನವರಿ 2ರಂದು ಹೋಗುವ ಮುಂಚೆಯೇ, ದೇಹವನ್ನು ಸುಡಬೇಕು, ಸ್ಮಾರಕ ಕಟ್ಟಬಾರದು ಎಂದು ಬರೆದಿಟ್ಟಿದ್ದರು. ಅವರ ವೇದಾಂತ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆ ಅಂಗಿಯನ್ನು ಮಾತ್ರ ದಿನಾ ನೆನೆಸಿಕೊಳ್ಳುತ್ತೇನೆ.

ಸಂಸಾರಸ್ಥರು ಮಾಡಬಹುದಾದದ್ದು: ಒಂದೇ ವಸ್ತು ಆರಿಸಿ ಗೆರೆ ಹಾಕಿ. ಅಂಗಿ ಎಂಟು, ಸೀರೆ ಇಪ್ಪತ್ತು, ಹೀಗೆ. ಹೊಸದು ಒಂದು ಬಂದರೆ ಹಳೆಯದು ಒಂದು ಹೋಗಲಿ. ಹರಿದದ್ದನ್ನು ಕೊಟ್ಟು ದಾನ ಅನ್ನಬೇಡಿ, ನೀವೇ ಹಾಕಿಕೊಳ್ಳುವಂಥದ್ದು ಕೊಡಿ. ಲಾವೋತ್ಸು ಹೇಳುವ ಹಾಗೆ ಗಡಿಗೆ ಉಪಯೋಗಕ್ಕೆ ಬರುವುದು ಅದರ ಒಳಗಿನ ಖಾಲಿ ಜಾಗದಿಂದ. ಮನೆಯ ಕಪಾಟಿಗೂ ಆ ಮಾತು ಒಪ್ಪುತ್ತದೆ.

7. ಬಿಡಬೇಕಾದದ್ದನ್ನು ಬಾಯಿಬಿಟ್ಟು ಬಿಡಿ

ಇವೇ ಪರಂಪರೆಗಳ ಒಳಗೆ ಅಸ್ಪೃಶ್ಯತೆ ಇದೆ. ಹೆಣ್ಣನ್ನು ಕೆಳಗಿಡುವ ಮಾತುಗಳಿವೆ. ಕಾಯಿಲೆ ಬಿದ್ದವರಿಗೆ, ಬಡವರಿಗೆ 'ಹಿಂದಿನ ಜನ್ಮದ ಕರ್ಮ' ಅನ್ನುವ ಕ್ರೌರ್ಯ ಇದೆ. ಇವನ್ನು ಸಂಸ್ಕೃತಿ ಅಂತ ಜೊತೆಗೆ ಕಟ್ಟಿಕೊಳ್ಳಬೇಡಿ.

ಇನ್ನೊಂದು ತಪ್ಪು ಕಲಿತವರಿಂದಲೇ ಆಗುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕೂತು 'ಎಲ್ಲಾ ಅನಿತ್ಯ' ಅನ್ನುವುದು. ಈ ಮಾತುಗಳು ನಮ್ಮ ಮೇಲೆ ನಾವು ಬಳಸಿಕೊಳ್ಳಲು ಇರುವವು. ಬೇರೆಯವರ ದುಃಖದ ಮುಂದೆ ಸುಮ್ಮನೆ ಕೂರಿ, ಚಹಾ ಮಾಡಿ ಕೊಡಿ, ಕೈ ಹಿಡಿದುಕೊಳ್ಳಿ.

8. ನಂಬುವವರ ನಡುವೆ ಹೇಗಿರಬೇಕು

ಜಾತ್ರೆಗೆ ಹೋಗಿ. ಪ್ರಸಾದ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ನಂಬುತ್ತೀಯಾ ಅಂತ ಕೇಳಿದರೆ ಇಲ್ಲ ಅಂತ ನಿಜ ಹೇಳಿ. ಕೇಳದಿದ್ದರೆ ನೀವೇ ಎತ್ತಿ ಸಾರಬೇಡಿ. ಅಣಕಿಸಬೇಡಿ. ನಾವು ಪುಸ್ತಕದಿಂದ ಎತ್ತಿಕೊಂಡ ರೂಢಿಗಳನ್ನು ಇವತ್ತಿನವರೆಗೆ ಉಳಿಸಿಕೊಂಡು ಬಂದವರು ಬೆಳಿಗ್ಗೆ ಐದೂವರೆಗೆ ಏಳುವ ಅವ್ವನಂಥವರು. ಅವಳು ಪೂಜೆಗೆ ಕೂತಾಗ ನಾನು ಹೊರಗಿನ ಕಟ್ಟೆಯ ಮೇಲೆ ನನ್ನ ಹತ್ತು ನಿಮಿಷ ಕೂರುತ್ತೇನೆ. ಹಾಲಿನವನು ಕೂಗಿದರೆ ಏಳುವುದು ನನ್ನ ಪಾಳಿ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.

9. ವರ್ಷಕ್ಕೊಮ್ಮೆ ಒಂದು ದಿನ ತಿರುಗಾಡಿ ಬನ್ನಿ

ಐಹೊಳೆಯ ಮೇಗುತಿ ಗುಡ್ಡವನ್ನು ಬಿಸಿಲೇರುವ ಮುಂಚೆ ಹತ್ತಿ. ಮೇಲೆ ಕ್ರಿ.ಶ. 634ರ ಜೈನ ಬಸದಿ, ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿಯ ಶಾಸನ ಅಲ್ಲೇ ಇದೆ. ಅದಕ್ಕಿಂತ ಸ್ವಲ್ಪ ಕೆಳಗೆ ಎರಡು ಅಂತಸ್ತಿನ ಬೌದ್ಧ ಗುಡಿ. ಕೆಳಗೆ ಊರಿನ ತುಂಬ ಶಿವನ, ವಿಷ್ಣುವಿನ ಗುಡಿಗಳು. ಅಲ್ಲಿಂದ ಬಾದಾಮಿಗೆ ಬಂದರೆ ನಾಲ್ಕನೇ ಗುಹೆಯಲ್ಲಿ ಬಾಹುಬಲಿ ಇದ್ದಾನೆ, ಮೈಗೆ ಬಳ್ಳಿ ಹಬ್ಬಿದೆ. ಫೋಟೋ ತೆಗೆಯುವ ಮುಂಚೆ ಐದು ನಿಮಿಷ ಅವನ ಮುಂದೆ ನಿಲ್ಲಿ. ಸಂಜೆ ಹೊತ್ತು ಉಳಿದರೆ ಕೂಡಲಸಂಗಮ. ಕೃಷ್ಣಾ ಮಲಪ್ರಭಾ ಕೂಡುವಲ್ಲಿ, ನೀರಿನ ನಡುವೆ ಕಟ್ಟಿದ ಬಾವಿಯಂಥ ಗೋಡೆಯ ಒಳಗೆ ಮೆಟ್ಟಿಲಿಳಿದು ಹೋದರೆ ಬಸವಣ್ಣನ ಐಕ್ಯಮಂಟಪ. ಅಲ್ಲಿ ಕೈಮುಗಿಯುವವರ ಪಕ್ಕ ನಾನು ಕೈಕಟ್ಟಿ ನಿಲ್ಲುತ್ತೇನೆ. ಇಲ್ಲಿಯವರೆಗೆ ಯಾರೂ ಏನೂ ಅಂದಿಲ್ಲ.

10. ತಪ್ಪಿದ ದಿನ

ತಪ್ಪೇ ತಪ್ಪುತ್ತದೆ. ಮನೆಗೆ ನೆಂಟರು ಬರುತ್ತಾರೆ, ಜ್ವರ ಬರುತ್ತದೆ, ಬೇಜಾರು ಬರುತ್ತದೆ. ಕ್ಯಾಲೆಂಡರಿನಲ್ಲಿ ಒಂದು ಅಡ್ಡಗೆರೆ ಎಳೆದು ಮರುದಿನ ಕೂರಿ. ಎರಡು ದಿನದ್ದನ್ನು ಒಂದೇ ದಿನ ತೀರಿಸಲು ಹೋಗಬೇಡಿ. ಸತತ ಹತ್ತು ದಿನ ತಪ್ಪಿದರೆ ನೀವು ಹಿಡಿದದ್ದು ದೊಡ್ಡದಾಯಿತು ಎಂದರ್ಥ, ಹತ್ತು ನಿಮಿಷವನ್ನು ಐದು ಮಾಡಿ. ಮೂರು ತಿಂಗಳು ನಡೆದು, ಮನೆಯವರೂ ಹೌದು ಅಂದರೆ, ವಚನದ ಏಳು ಬೇಡಗಳಲ್ಲಿ ಇನ್ನೊಂದನ್ನು ಹಿಡಿಯಿರಿ.

ನಾನು ಈ ತಿಂಗಳು 'ತನ್ನ ಬಣ್ಣಿಸಬೇಡ' ಹಿಡಿದಿದ್ದೇನೆ. ನಿನ್ನೆ ಆರು ಬೀಜ ಈ ಕಿಸೆಯಿಂದ ಆ ಕಿಸೆಗೆ ಹೋದವು. ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ.